ಆಹಾರದಿಂದ ಬರುವ ರೋಗಗಳು: ಕಾರಣ, ಲಕ್ಷಣ ಮತ್ತು ಉಪಚಾರ

ಮುಂಬಯಿ ಮಹಾನಗರದಲ್ಲಿ ಪಶ್ಚಿಮ ರೈಲ್ವೆ ಮತ್ತು ಮಧ್ಯ ರೈಲ್ವೆಗಳ ಉಪನಗರ ಮಾರ್ಗಗಳು ಸಂಧಿಸುವ ಸ್ಥಳ ದಾದರ್. ಬೆಳಗಿನ ಜಾವ ಇಲ್ಲಿಯ ಮಾರುಕಟ್ಟೆಗೆ ತರಕಾರಿ, ಹೂವು ಬಂದಿಳಿಯುವ ಹೊತ್ತಿನಿಂದ ನಡುರಾತ್ರಿಯ ಕೊನೆಯ ಗಾಡಿಯವರೆಗೆ ಜನಸಂಚಾರ ನಿಲ್ಲುವುದಿಲ್ಲ. ಇಲ್ಲಿ ಹಾದುಹೋಗುವ ಜನರಲ್ಲಿ ಬಹುಮಂದಿ ದಿನದ ಒಂದು ಹೊತ್ತಾದರೂ ಮನೆಯ ಹೊರಗೆ ಆಹಾರ ಸೇವಿಸುವವರೇ. ವಡಾ ಪಾವ್ ಮೊದಲಾಗಿ 1966ರಲ್ಲಿ ದಾದರ್ ನಿಲ್ದಾಣದ ಹೊರಗೆ ಮಾರಾಟಕ್ಕೆ ಬಂದಿತೆಂಬುದು ಪ್ರಸಿದ್ಧ. ಪಕ್ಕದ ಮಾಟುಂಗಾದಲ್ಲಿ ಕನ್ನಡ ನಾಡಿನ ಕರಾವಳಿಯಿಂದ ಬಂದವರು ನೆಲೆಗೊಳಿಸಿದ ಉಡುಪಿ ಊಟದ ಮನೆಗಳು ತಲೆಮಾರುಗಳಿಂದ ನಡೆದುಬಂದಿವೆ. ಇವಲ್ಲದೆ ಡಬ್ಬಾವಾಲಾಗಳು ಹೊತ್ತೊಯ್ಯುವ ಮನೆಯೂಟ, ಮದುವೆ ಸಭಾಗೃಹಗಳ ಭೋಜನ, ಗಣೇಶೋತ್ಸವದ ಪ್ರಸಾದ ಮುಂತಾದ ಹಲವು ಬಗೆಯ ಅಡುಗೆಗಳು ಇಲ್ಲಿಯ ಜನಜೀವನದ ಭಾಗವಾಗಿವೆ.

ಇಂಥ ಊರಿನಲ್ಲಿ ಒಬ್ಬರಿಗೆ ರಾತ್ರಿ ವಾಂತಿಭೇದಿ ಆರಂಭವಾದರೆ ಮನೆಯವರು ಕೇಳುವ ಮೊದಲ ಪ್ರಶ್ನೆ, "ಸಂಜೆ ಹೊರಗೆ ಏನು ತಿಂದಿರಿ?" ಎಂಬುದು. ಸಂಜೆ ತಿಂದ ತಿಂಡಿಯ ಮೇಲೆ ಅಪವಾದ ಬೀಳುತ್ತದೆ. ಆದರೆ ನಿಜವಾದ ಕಾರಣ ಹಿಂದಿನ ದಿನದ ಊಟವಾಗಿರಬಹುದು, ಮನೆಯದೇ ಅನ್ನವಾಗಿರಬಹುದು, ಕಟ್ಟಡದ ನೀರಿನ ತೊಟ್ಟಿಯೂ ಆಗಿರಬಹುದು. ಕಾರಣವನ್ನು ತಪ್ಪಾಗಿ ಊಹಿಸಿದರೆ ರೋಗದ ಮೂಲ ಹಾಗೆಯೇ ಉಳಿದು ಮತ್ತಷ್ಟು ಜನರನ್ನು ಬಾಧಿಸುತ್ತದೆ. ಉಪಚಾರವನ್ನು ತಪ್ಪಾಗಿ ಮಾಡಿದರೆ ಪ್ರಾಣಕ್ಕೇ ಅಪಾಯವುಂಟಾಗುತ್ತದೆ. ಆದುದರಿಂದ ಈ ವಿಷಯದಲ್ಲಿ ಪ್ರತಿಯೊಂದು ಕುಟುಂಬಕ್ಕೂ ಸರಿಯಾದ ತಿಳಿವಳಿಕೆ ಅವಶ್ಯಕ.

ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 60 ಕೋಟಿ ಜನರು ಕಲುಷಿತ ಆಹಾರದಿಂದ ಕಾಯಿಲೆ ಬೀಳುತ್ತಾರೆ. ಅವರಲ್ಲಿ 4 ಲಕ್ಷ 20 ಸಾವಿರ ಮಂದಿ ಸಾವಿಗೀಡಾಗುತ್ತಾರೆ. ಸತ್ತವರಲ್ಲಿ ಸುಮಾರು 1 ಲಕ್ಷ 25 ಸಾವಿರ ಮಂದಿ ಐದು ವರ್ಷದೊಳಗಿನ ಮಕ್ಕಳು.

ರೋಗದ ಮೂಲಗಳು

ಆಹಾರದಿಂದ ಬರುವ ರೋಗಗಳಿಗೆ ಮುಖ್ಯವಾಗಿ ಮೂರು ಬಗೆಯ ಕಾರಣಗಳಿವೆ. ಮೊದಲನೆಯದು, ಜೀವಂತ ರೋಗಾಣುಗಳು ಆಹಾರದೊಂದಿಗೆ ಕರುಳನ್ನು ಸೇರಿ ಅಲ್ಲಿ ವೃದ್ಧಿಯಾಗುವುದು. ಸಾಲ್ಮೊನೆಲ್ಲಾ, ಶಿಗೆಲ್ಲಾ, ಕಾಲರಾ ರೋಗಾಣು, ವಿಷಮಶೀತ ಜ್ವರದ ರೋಗಾಣು, ಕಾಮಾಲೆಯನ್ನುಂಟುಮಾಡುವ ಹೆಪಟೈಟಿಸ್ 'ಎ' ಮತ್ತು 'ಇ' ವೈರಾಣುಗಳು ಈ ಬಗೆಗೆ ಸೇರಿದವು. ಇವು ಬಹುಮಟ್ಟಿಗೆ ಮಲದಿಂದ ಕೈ, ನೀರು ಹಾಗೂ ನೊಣಗಳ ಮೂಲಕ ಆಹಾರವನ್ನು ಸೇರುತ್ತವೆ. ಸಾಲ್ಮೊನೆಲ್ಲಾ ಕೋಳಿಮಾಂಸ ಮತ್ತು ಮೊಟ್ಟೆಗಳ ಮೂಲಕವೂ ಬರುತ್ತದೆ.

ಎರಡನೆಯದು, ರೋಗಾಣುಗಳು ಆಹಾರದಲ್ಲಿಯೇ ಬೆಳೆದು ಅಲ್ಲಿಯೇ ವಿಷವನ್ನು ಉತ್ಪಾದಿಸುವುದು. ಅಡುಗೆಯವರ ಮೂಗು, ಚರ್ಮ, ಕೈಮೇಲಿನ ಕುರು ಅಥವಾ ಗಾಯಗಳಿಂದ ಆಹಾರವನ್ನು ಸೇರುವ ಸ್ಟ್ಯಾಫಿಲೊಕಾಕಸ್, ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಇದಕ್ಕೆ ನಿದರ್ಶನಗಳು. ಇವುಗಳ ವಿಷವು ಕುದಿಯುವ ತಾಪವನ್ನೂ ತಡೆದುಕೊಳ್ಳಬಲ್ಲದು. ಆಹಾರವನ್ನು ಮತ್ತೆ ಬಿಸಿ ಮಾಡಿದಾಗ ರೋಗಾಣು ಸಾಯಬಹುದು, ಆದರೆ ಅದು ಬಿಟ್ಟುಹೋದ ವಿಷ ಉಳಿಯುತ್ತದೆ. "ಇನ್ನೊಮ್ಮೆ ಕುದಿಸಿದರೆ ಸರಿಹೋಗುತ್ತದೆ" ಎಂಬ ನಂಬಿಕೆ ಎಲ್ಲ ಸಂದರ್ಭಗಳಲ್ಲಿಯೂ ನಿಜವಲ್ಲವೆಂಬುದನ್ನು ಗೃಹಿಣಿಯರೂ ಹೋಟೆಲಿನವರೂ ಮುಖ್ಯವಾಗಿ ಗಮನಿಸಬೇಕು.

ಮೂರನೆಯದು, ರಾಸಾಯನಿಕ ವಿಷಗಳು. ಬಿಹಾರದ ಛಪ್ರಾ ಬಳಿಯ ಶಾಲೆಯೊಂದರಲ್ಲಿ 2013ರ ಜುಲೈ ತಿಂಗಳಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಅಸುನೀಗಿದರು. ಅಡುಗೆಯಲ್ಲಿ ಕೀಟನಾಶಕ ಬೆರೆತಿತ್ತು. 1998ರಲ್ಲಿ ದೆಹಲಿಯಲ್ಲಿ ದತ್ತೂರಿ ಬೀಜದ ಎಣ್ಣೆ ಬೆರೆತ ಸಾಸಿವೆ ಎಣ್ಣೆಯಿಂದ ಮೈ ಊದುವ ಕಾಯಿಲೆ ಹಬ್ಬಿ ಅನೇಕರು ಸತ್ತರು. ಕರಾವಳಿಯವರಿಗೆ ಪ್ರಿಯವಾದ ಬಂಗುಡೆ ಮೀನನ್ನು ಮಂಜುಗಡ್ಡೆಯಿಲ್ಲದೆ ಇಟ್ಟರೆ ಅದರಲ್ಲಿ ಹಿಸ್ಟಮಿನ್ ಎಂಬ ವಸ್ತು ಉಂಟಾಗುತ್ತದೆ. ಅಂಥ ಮೀನನ್ನು ತಿಂದ ಸ್ವಲ್ಪ ಹೊತ್ತಿನಲ್ಲಿಯೇ ಮುಖ ಕೆಂಪಾಗುವುದು, ತಲೆನೋವು, ತುರಿಕೆ, ಎದೆ ಬಡಿತ ಕಾಣಿಸಿಕೊಳ್ಳುತ್ತವೆ. ಇದು ಕೂಡ ಬೇಯಿಸುವುದರಿಂದ ನಾಶವಾಗುವುದಿಲ್ಲ.

ಕಾಲ ಮತ್ತು ತಾಪ

ಆಹಾರ ಹಳಸಿದರೆ ವಾಸನೆಯಿಂದ ತಿಳಿಯುತ್ತದೆ ಎಂಬುದು ಸಾಮಾನ್ಯ ಭಾವನೆ. ಆದರೆ ಆಹಾರವನ್ನು ಹಳಸುವ ಜೀವಾಣುಗಳು ಬೇರೆ, ಕಾಯಿಲೆ ತರುವ ರೋಗಾಣುಗಳು ಬೇರೆ. ರೋಗಾಣುಗಳಿಂದ ತುಂಬಿದ ಆಹಾರವು ಬಣ್ಣ, ರುಚಿ, ವಾಸನೆಗಳಲ್ಲಿ ಯಾವ ದೋಷವೂ ಇಲ್ಲದೆ ಇರಬಲ್ಲದು. ಮೂಗಿಗಿಂತ ಗಡಿಯಾರವನ್ನು ನಂಬುವುದು ಕ್ಷೇಮ.

5 ಡಿಗ್ರಿ ಮತ್ತು 60 ಡಿಗ್ರಿ ಸೆಲ್ಸಿಯಸ್‌ಗಳ ನಡುವಣ ತಾಪದಲ್ಲಿ ರೋಗಾಣುಗಳು ವೃದ್ಧಿಯಾಗುತ್ತವೆ. ಅನುಕೂಲವಾದ ತಾಪ ಮತ್ತು ತೇವವಿದ್ದಾಗ ಕೆಲವು ರೋಗಾಣುಗಳು ಸುಮಾರು 20 ನಿಮಿಷಗಳಿಗೊಮ್ಮೆ ಇಮ್ಮಡಿಯಾಗುತ್ತವೆ. ಈ ಲೆಕ್ಕದಲ್ಲಿ ಒಂದೇ ಒಂದು ರೋಗಾಣು 4 ಗಂಟೆಗಳಲ್ಲಿ 4 ಸಾವಿರವನ್ನೂ, 7 ಗಂಟೆಗಳಲ್ಲಿ 20 ಲಕ್ಷವನ್ನೂ ಮೀರುತ್ತದೆ. ವರ್ಷದ ಬಹುಕಾಲ ಸೆಕೆ ಮತ್ತು ತೇವದಿಂದ ಕೂಡಿದ ಮುಂಬಯಿಯ ಹವೆ ಇದಕ್ಕೆ ಅನುಕೂಲವಾಗಿದೆ. ಬೆಳಗ್ಗೆ ಮಾಡಿದ ಅಡುಗೆಯನ್ನು ಹೊರಗೆ ಇಟ್ಟು ಸಂಜೆ ಬಡಿಸುವುದು ಅಪಾಯಕರವಾಗುವುದು ಈ ಕಾರಣದಿಂದ.

ನಮ್ಮ ನಿತ್ಯದ ತಿಂಡಿಯಿಂದಲೇ ಈ ತತ್ತ್ವವನ್ನು ಅರಿಯಬಹುದು. ಇಡ್ಲಿಯ ಹಿಟ್ಟು ಹುಳಿ ಬಂದಿರುತ್ತದೆ. ಹುಳಿಯಲ್ಲಿ ಅನೇಕ ರೋಗಾಣುಗಳು ಬೆಳೆಯಲಾರವು. ಅದು ಹಬೆಯಲ್ಲಿ ಬೇಯುತ್ತದೆ ಮತ್ತು ಬಿಸಿಯಾಗಿ ಎಲೆಗೆ ಬರುತ್ತದೆ. ಅದರ ಜೊತೆಗೆ ಬಡಿಸುವ ಕಾಯಿಚಟ್ನಿಯ ಸ್ಥಿತಿ ಬೇರೆ. ಅದನ್ನು ಬೇಯಿಸುವುದಿಲ್ಲ. ಕೈಯಿಂದ ತುರಿದ ಕಾಯಿಗೆ ನೀರು ಸೇರಿಸಿ ರುಬ್ಬಲಾಗುತ್ತದೆ. ಮೇಲೆ ಹಾಕುವ ಒಗ್ಗರಣೆಯಿಂದ ಚಟ್ನಿಯೆಲ್ಲ ಬಿಸಿಯಾಗುವುದಿಲ್ಲ. ಆದುದರಿಂದ ಚಟ್ನಿಯನ್ನು ಸ್ವಲ್ಪ ಸ್ವಲ್ಪವಾಗಿ ರುಬ್ಬಿ ಬೇಗನೆ ಮುಗಿಸಬೇಕು; ಹಳೆಯ ಚಟ್ನಿಗೆ ಹೊಸದನ್ನು ಬೆರೆಸಬಾರದು. ವಡಾ ಪಾವ್‌ಗೂ ಇದೇ ಮಾತು ಅನ್ವಯಿಸುತ್ತದೆ. ಕಾದ ಎಣ್ಣೆಯಿಂದ ಆಗತಾನೆ ತೆಗೆದ ವಡೆಗಿಂತ ಅದಕ್ಕೆ ಸವರುವ ಹಸಿ ಚಟ್ನಿಯ ನೀರು ಮತ್ತು ಮಾರುವವರ ಕೈಗಳ ಕಡೆಗೆ ಹೆಚ್ಚು ಗಮನ ಬೇಕು.

ಅನ್ನದ ವಿಷಯದಲ್ಲಿಯೂ ಎಚ್ಚರಿಕೆ ಅಗತ್ಯ. ಬ್ಯಾಸಿಲಸ್ ಸೀರಿಯಸ್ ತನ್ನ ಸುತ್ತ ಗಟ್ಟಿಯಾದ ಕವಚವನ್ನು ರಚಿಸಿಕೊಂಡು ಅಕ್ಕಿ ಬೇಯುವಾಗಲೂ ಬದುಕಿ ಉಳಿಯುತ್ತದೆ. ಅನ್ನವು ತಣಿಯುತ್ತಾ ಗಂಟೆಗಟ್ಟಲೆ ಹೊರಗಿದ್ದರೆ ಅದು ಮೊಳೆತು ವಿಷ ಉತ್ಪಾದಿಸುತ್ತದೆ. ಪ್ರಯಾಣಕ್ಕೆ ಪುಳಿಯೋಗರೆಯನ್ನೋ ಮೊಸರನ್ನವನ್ನೋ ಕಟ್ಟಿಕೊಡುವ ನಮ್ಮ ಹಿರಿಯರ ಪದ್ಧತಿಯಲ್ಲಿ ವಿವೇಕವಿದೆ. ಹುಳಿ ರೋಗಾಣುಗಳ ಬೆಳವಣಿಗೆಯನ್ನು ತಗ್ಗಿಸುತ್ತದೆ. ಆದರೂ ಅದನ್ನೇ ನಂಬಿ ದಿನವಿಡೀ ಇಟ್ಟುಕೊಳ್ಳಬಾರದು.

ಯಾವ ಊಟ ಕಾರಣ?

ಆಹಾರ ಸೇವನೆಗೂ ಲಕ್ಷಣಗಳ ಆರಂಭಕ್ಕೂ ನಡುವೆ ಇರುವ ಅವಧಿಯು ರೋಗಕಾರಣವನ್ನು ಗುರುತಿಸಲು ನೆರವಾಗುತ್ತದೆ.

ಊಟವಾದ 1ರಿಂದ 6 ಗಂಟೆಗಳೊಳಗೆ ಒಮ್ಮೆಲೇ ವಾಂತಿ ಆರಂಭವಾದರೆ ಆಹಾರದಲ್ಲಿ ಮೊದಲೇ ಉತ್ಪನ್ನವಾಗಿದ್ದ ವಿಷವೇ ಕಾರಣವಿರಬಹುದು. ಹೊರಗೆ ಇಟ್ಟ ಅನ್ನ, ಕೋವಾದ ಸಿಹಿತಿಂಡಿ, ಕೆನೆ ತುಂಬಿದ ಕೇಕು ಮೊದಲಾದವು ಇದರ ಸಾಮಾನ್ಯ ವಾಹಕಗಳು. ಜ್ವರ ಸಾಮಾನ್ಯವಾಗಿ ಇರುವುದಿಲ್ಲ. ಬಹುಮಟ್ಟಿಗೆ ಒಂದು ದಿನದಲ್ಲಿ ಗುಣವಾಗುತ್ತದೆ.

6ರಿಂದ 24 ಗಂಟೆಗಳ ಬಳಿಕ ಹೊಟ್ಟೆ ನುಲಿತ ಮತ್ತು ಭೇದಿ ಕಂಡುಬಂದರೆ, ದೊಡ್ಡ ಹಂಡೆಗಳಲ್ಲಿ ಬೇಯಿಸಿ ನಿಧಾನವಾಗಿ ತಣಿಯಲು ಬಿಟ್ಟ ಮಾಂಸ ಅಥವಾ ಬೇಳೆಯ ಅಡುಗೆಯನ್ನು ಶಂಕಿಸಬಹುದು. ಜ್ವರ, ಹೊಟ್ಟೆನೋವು, ಭೇದಿಗಳು ಅರ್ಧ ದಿನದಿಂದ ಮೂರು ದಿನಗಳೊಳಗೆ ಆರಂಭವಾದರೆ ಸಾಲ್ಮೊನೆಲ್ಲಾ ಸೋಂಕು ಇರಬಹುದು. ಮಲದಲ್ಲಿ ರಕ್ತ ಮತ್ತು ಲೋಳೆ ಕಾಣಿಸಿಕೊಳ್ಳುವ ಆಮಶಂಕೆಗೆ ಶಿಗೆಲ್ಲಾ ಒಂದು ಮುಖ್ಯ ಕಾರಣ. ಇದರ ಕೆಲವೇ ಕೆಲವು ರೋಗಾಣುಗಳು ಕಾಯಿಲೆ ತರಲು ಸಾಕು. 2022ರ ಮೇ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದ ಅನೇಕರು ಅಸ್ವಸ್ಥರಾಗಿ ಓರ್ವ ವಿದ್ಯಾರ್ಥಿನಿ ಮೃತಪಟ್ಟಾಗ, ರೋಗಿಗಳಲ್ಲಿ ಈ ಶಿಗೆಲ್ಲಾ ಪತ್ತೆಯಾಯಿತು.

ಅಕ್ಕಿ ತೊಳೆದ ನೀರಿನಂಥ ಭೇದಿ ಧಾರಾಕಾರವಾಗಿ ಆಗುವುದು ಕಾಲರಾದ ಲಕ್ಷಣ. ಇದು ಸೋಂಕು ತಗಲಿದ ಕೆಲವು ಗಂಟೆಗಳಿಂದ 5 ದಿನಗಳೊಳಗೆ ಬರುತ್ತದೆ. ವಿಷಮಶೀತ ಜ್ವರಕ್ಕೆ ಸಾಮಾನ್ಯವಾಗಿ 1ರಿಂದ 3 ವಾರಗಳು ಹಿಡಿಯುತ್ತವೆ. ಹೆಪಟೈಟಿಸ್ 'ಎ' ಕಾಮಾಲೆ ಕಾಣಿಸಿಕೊಳ್ಳಲು ಸರಾಸರಿ 4 ವಾರಗಳು ಬೇಕು. ಹೆಪಟೈಟಿಸ್ 'ಇ' ಗರ್ಭಿಣಿಯರಿಗೆ ವಿಶೇಷವಾಗಿ ಅಪಾಯಕಾರಿ. ಇಂದು ಕಂಡ ಕಾಮಾಲೆಗೆ ನಿನ್ನೆಯ ತಿಂಡಿಯನ್ನು ದೂರುವುದು ವ್ಯರ್ಥವೆಂದು ಇದರಿಂದ ಸ್ಪಷ್ಟವಾಗುತ್ತದೆ. ಹಿಂದಿನ ಎರಡು ಮೂರು ದಿನಗಳಲ್ಲಿ ಎಲ್ಲಿ, ಏನನ್ನು, ಯಾರೊಂದಿಗೆ ಸೇವಿಸಲಾಯಿತು ಎಂಬುದನ್ನು ನೆನಪಿಸಿಕೊಂಡು ವೈದ್ಯರಿಗೆ ತಿಳಿಸಬೇಕು.

ನೀರು ಮತ್ತು ಮಳೆಗಾಲ

ದಾದರಿಗೆ ಹೊಂದಿಕೊಂಡ ಪರೇಲ್‌ನಲ್ಲಿ ಹಾಫ್ಕಿನ್ ಸಂಸ್ಥೆ ಇದೆ. ಅದು ಯಾರ ಹೆಸರನ್ನು ಹೊತ್ತಿದೆಯೋ ಆ ವಿಜ್ಞಾನಿ ವಾಲ್ಡೆಮಾರ್ ಹಾಫ್ಕಿನ್ 1892ರಲ್ಲಿ ಪ್ಯಾರಿಸ್ ನಗರದಲ್ಲಿ ತಾವು ಸಿದ್ಧಪಡಿಸಿದ ಕಾಲರಾ ಲಸಿಕೆಯನ್ನು ಮೊದಲು ತಮ್ಮ ದೇಹದ ಮೇಲೆಯೇ ಪ್ರಯೋಗಿಸಿಕೊಂಡರು. ಮರುವರ್ಷ ಭಾರತಕ್ಕೆ ಬಂದರು. ಮುಂಬಯಿಯಲ್ಲಿ ಪ್ಲೇಗ್ ಹಬ್ಬಿದ ಬಳಿಕ ಅವರು ನಡೆಸಿದ ಪ್ರಯೋಗಶಾಲೆ 1899ರಲ್ಲಿ ಪರೇಲ್‌ಗೆ ಬಂದಿತು. 1925ರಲ್ಲಿ ಅದಕ್ಕೆ ಅವರ ಹೆಸರನ್ನಿಡಲಾಯಿತು. ಅಂದಿನಿಂದ ಇಂದಿನವರೆಗೆ ವಿಜ್ಞಾನ ಬಹಳ ಮುಂದುವರಿದಿದ್ದರೂ ಕಾಲರಾ ಮೊದಲಾದ ರೋಗಗಳನ್ನು ತಡೆಯಲು ಶುದ್ಧವಾದ ನೀರೇ ಮೂಲ ಆಧಾರವಾಗಿ ಉಳಿದಿದೆ.

ಮುಂಬಯಿಗೆ ದೂರದ ಜಲಾಶಯಗಳಿಂದ ಬರುವ ನೀರನ್ನು ಶುದ್ಧೀಕರಿಸಿ ಕ್ಲೋರಿನ್ ಬೆರೆಸಿ ಸರಬರಾಜು ಮಾಡಲಾಗುತ್ತದೆ. ಆದರೆ ಅನೇಕ ಬಡಾವಣೆಗಳಿಗೆ ನೀರು ದಿನಕ್ಕೆ ಕೆಲವು ಗಂಟೆಗಳು ಮಾತ್ರ ಬರುತ್ತದೆ. ನೀರು ನಿಂತು ಕೊಳವೆಯಲ್ಲಿ ಒತ್ತಡ ಇಳಿದಾಗ, ಸಣ್ಣ ಬಿರುಕುಗಳ ಮೂಲಕ ಸುತ್ತಲಿನ ಕೊಳಚೆ ಒಳಸೇರುವ ಸಂಭವವಿದೆ. ದಾದರ್ ಪೂರ್ವದ ಹಿಂದಮಾತಾದಂಥ ತಗ್ಗು ಪ್ರದೇಶಗಳು ಭಾರಿ ಮಳೆಗೆ ನೀರು ನಿಲ್ಲುವುದಕ್ಕೆ ಬಹುಕಾಲದಿಂದ ಹೆಸರಾಗಿವೆ. ಇಂಥ ಕಡೆಗಳಲ್ಲಿ ಕಟ್ಟಡದ ನೆಲದಡಿಯ ತೊಟ್ಟಿಗೆ ಮಳೆನೀರು ನುಗ್ಗಿದರೆ ಇಡೀ ಕಟ್ಟಡದ ಜನರಿಗೆ ಕಾಯಿಲೆ ಬರಬಹುದು. ಗೃಹನಿರ್ಮಾಣ ಸಂಘಗಳು ತೊಟ್ಟಿಗಳನ್ನು ಕ್ರಮವಾಗಿ ತೊಳೆಸಿ ಮುಚ್ಚಳಗಳನ್ನು ಭದ್ರಪಡಿಸಬೇಕು. ಮಳೆಗಾಲದಲ್ಲಿ ಕುಡಿಯುವ ನೀರನ್ನು ಕುದಿ ಬಂದ ಮೇಲೆ ಕನಿಷ್ಠ ಒಂದು ನಿಮಿಷ ಮರಳಿಸಿ, ಆರಿಸಿ, ಮುಚ್ಚಿಡಬೇಕು. ರಸ್ತೆ ಬದಿಯ ಶರಬತ್ತಿಗೆ ಹಾಕುವ ಮಂಜುಗಡ್ಡೆ, ಪಾನಿಪೂರಿಯ ನೀರು, ಕತ್ತರಿಸಿಟ್ಟ ಹಣ್ಣುಗಳನ್ನು ಈ ಕಾಲದಲ್ಲಿ ವರ್ಜಿಸುವುದು ಒಳ್ಳೆಯದು.

ಉಪಚಾರ

ವಾಂತಿಭೇದಿಯಾದಾಗ ಸಾವಿಗೆ ಮುಖ್ಯ ಕಾರಣ, ದೇಹದಿಂದ ನೀರು ಮತ್ತು ಲವಣಗಳು ಹೊರಟುಹೋಗಿ ಉಂಟಾಗುವ ನಿರ್ಜಲೀಕರಣ. "ಭೇದಿಯಾಗುತ್ತಿರುವಾಗ ನೀರು ಕೊಡಬಾರದು, ಹೊಟ್ಟೆ ಖಾಲಿ ಇಡಬೇಕು" ಎಂಬ ರೂಢಿಯ ಮಾತು ತೀರ ತಪ್ಪು. ನೀರು ಕೊಡದಿರುವುದರಿಂದಲೇ ಎಷ್ಟೋ ಮಕ್ಕಳು ಪ್ರಾಣ ಕಳೆದುಕೊಂಡಿದ್ದಾರೆ.

1971ರಲ್ಲಿ ಬಾಂಗ್ಲಾದೇಶದ ಯುದ್ಧ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳದ ಮೂಲಕ ಕೊಡುವ ದ್ರಾವಣ ಮುಗಿಯುತ್ತಾ ಬಂದಾಗ ಡಾ. ದಿಲೀಪ್ ಮಹಲನಬಿಸ್ ಅವರು ಗ್ಲೂಕೋಸ್ ಮತ್ತು ಲವಣಗಳನ್ನು ನೀರಿನಲ್ಲಿ ಕರಗಿಸಿ ರೋಗಿಗಳಿಗೆ ಕುಡಿಸುವ ಏರ್ಪಾಡು ಮಾಡಿದರು. ರೋಗಿಗಳ ಬಂಧುಗಳೇ ಅದನ್ನು ಕುಡಿಸಿದರು. ಸಾವಿನ ಪ್ರಮಾಣ ಶೇಕಡಾ 30ರ ಸಮೀಪದಿಂದ ಶೇಕಡಾ 4ಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿ ಸಂದಿತು. ಇಂದು ಓ.ಆರ್.ಎಸ್. ಅಥವಾ ಜೀವಜಲವೆಂದು ನಾವು ಕರೆಯುವುದು ಇದನ್ನೇ. ಭೇದಿಯ ಸಮಯದಲ್ಲಿಯೂ ಗ್ಲೂಕೋಸ್ ಇದ್ದರೆ ಕರುಳು ಉಪ್ಪನ್ನು ಹೀರಿಕೊಳ್ಳುತ್ತದೆ, ಉಪ್ಪಿನೊಂದಿಗೆ ನೀರೂ ಒಳಸೇರುತ್ತದೆ. ಇದೇ ಅದರ ಗುಟ್ಟು.

ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ತಯಾರಾದ ಪೊಟ್ಟಣದ ಪುಡಿಯನ್ನೆಲ್ಲ, ಪೊಟ್ಟಣದ ಮೇಲೆ ಸೂಚಿಸಿದಷ್ಟು ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಬೇಕು. ದೊಡ್ಡ ಪೊಟ್ಟಣಕ್ಕೆ ಸಾಮಾನ್ಯವಾಗಿ ಒಂದು ಲೀಟರ್ ನೀರು ಬೇಕು. ದ್ರಾವಣವನ್ನು 24 ಗಂಟೆಗಳೊಳಗೆ ಬಳಸಬೇಕು. ಪೊಟ್ಟಣ ದೊರೆಯದಿದ್ದಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ ಮತ್ತು ಅರ್ಧ ಚಹಾ ಚಮಚ ಉಪ್ಪನ್ನು, ಚಮಚದ ಅಂಚಿಗೆ ಸಮಮಾಡಿ ಅಳೆದು, ಬೆರೆಸಬಹುದು. ಉಪ್ಪು ಹೆಚ್ಚಾಗಬಾರದು. ಪ್ರತಿ ಸಲ ಭೇದಿಯಾದ ಬಳಿಕ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರ್, ಎರಡರಿಂದ ಹತ್ತು ವರ್ಷದ ಮಕ್ಕಳಿಗೆ 100ರಿಂದ 200 ಮಿಲಿಲೀಟರ್, ದೊಡ್ಡವರಿಗೆ ಬೇಕೆನಿಸಿದಷ್ಟು ಕೊಡಬೇಕು. ವಾಂತಿಯಾದರೆ ಹತ್ತು ನಿಮಿಷ ಕಾದು ಚಮಚದಿಂದ ನಿಧಾನವಾಗಿ ಕುಡಿಸಬೇಕು. ಎದೆಹಾಲನ್ನು ನಿಲ್ಲಿಸಬಾರದು. ಗಂಜಿ, ಮಜ್ಜಿಗೆ, ಮೆತ್ತಗಿನ ಅನ್ನ ಮೊದಲಾದ ಹಗುರ ಆಹಾರ ಕೊಡಬಹುದು. ಅತಿಯಾಗಿ ಸಿಹಿಯಾದ ಪಾನೀಯಗಳು ಭೇದಿಯನ್ನು ಹೆಚ್ಚಿಸುತ್ತವೆ. ಅವು ಜೀವಜಲಕ್ಕೆ ಬದಲಿಯಲ್ಲ. ಮಕ್ಕಳಿಗೆ ವೈದ್ಯರ ಸಲಹೆಯಂತೆ 10ರಿಂದ 14 ದಿನ ಸತುವಿನ ಮಾತ್ರೆ ಕೊಡಬೇಕು. ಭೇದಿ ಕಟ್ಟುವ ಮಾತ್ರೆಗಳನ್ನೂ ಆಂಟಿಬಯಾಟಿಕ್ ಔಷಧಗಳನ್ನೂ ವೈದ್ಯರನ್ನು ಕೇಳದೆ ಸೇವಿಸಬಾರದು.

ಈ ಕೆಳಗಿನ ಲಕ್ಷಣಗಳು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು: ಮಲದಲ್ಲಿ ರಕ್ತ; ತೀವ್ರ ಜ್ವರ; ಏನನ್ನು ಕುಡಿದರೂ ವಾಂತಿಯಾಗುವುದು; ಆರು ಗಂಟೆ ಮೂತ್ರವಾಗದಿರುವುದು; ಗುಳಿ ಬಿದ್ದ ಕಣ್ಣುಗಳು, ಮಂಪರು; ಮೂರು ದಿನ ಕಳೆದರೂ ಭೇದಿ ನಿಲ್ಲದಿರುವುದು. ದೃಷ್ಟಿ ಮಸುಕಾಗುವುದು, ನುಂಗಲು ಅಥವಾ ಉಸಿರಾಡಲು ಕಷ್ಟವಾಗುವುದು, ವಿಪರೀತ ಬೆವರು ಮತ್ತು ಜೊಲ್ಲು ಸುರಿಯುವುದು ವಿಷಪ್ರಾಶನದ ಚಿಹ್ನೆಗಳಾಗಿರಬಹುದು. ಅಂಥ ಸಂದರ್ಭದಲ್ಲಿ ಮನೆಮದ್ದಿನಲ್ಲಿ ಒಂದು ನಿಮಿಷವನ್ನೂ ಕಳೆಯಬಾರದು. ಶಿಶುಗಳು, ವೃದ್ಧರು, ಗರ್ಭಿಣಿಯರು, ಮಧುಮೇಹಿಗಳನ್ನು ಬೇಗನೆ ವೈದ್ಯರಿಗೆ ತೋರಿಸಬೇಕು. ದಾದರ್ ಸುತ್ತಮುತ್ತಲಿನವರಿಗೆ ಪರೇಲ್‌ನ ಕೆ.ಇ.ಎಂ. ಆಸ್ಪತ್ರೆ, ಸಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆ ಹತ್ತಿರದಲ್ಲಿವೆ. ಚಿಂಚ್‌ಪೋಕ್ಲಿ ಬಳಿಯ ಕಸ್ತೂರಬಾ ಆಸ್ಪತ್ರೆ ಸಾಂಕ್ರಾಮಿಕ ರೋಗಗಳಿಗಾಗಿಯೇ ಇದೆ.

ಮುನ್ನೆಚ್ಚರಿಕೆಗಳು

ಅಡುಗೆ ಮಾಡುವ ಮುನ್ನ, ಊಟಕ್ಕೆ ಮುನ್ನ ಮತ್ತು ಶೌಚದ ನಂತರ ಸೋಪಿನಿಂದ ಕೈ ತೊಳೆಯುವುದು ಮೊದಲ ನಿಯಮ. ಹಸಿ ಮಾಂಸ, ಮೀನುಗಳಿಗೆ ಬಳಸಿದ ಚಾಕು ಮತ್ತು ಮಣೆಯನ್ನು ತೊಳೆಯದೆ ತರಕಾರಿಗೆ ಬಳಸಬಾರದು. ಮಾಂಸ, ಮೊಟ್ಟೆಗಳ ಒಳಭಾಗವೂ ಚೆನ್ನಾಗಿ ಬೇಯಬೇಕು. ಮಾಡಿದ ಅಡುಗೆಯನ್ನು ಎರಡು ಗಂಟೆಗಳಿಗಿಂತ ಹೆಚ್ಚು ಕಾಲ ಹೊರಗಿಡಬಾರದು. ಉಳಿದ ಅನ್ನ, ಸಾರುಗಳನ್ನು ಅಗಲವಾದ ಪಾತ್ರೆಗಳಿಗೆ ಹರಡಿ ಬೇಗನೆ ತಣಿಸಿ ಫ್ರಿಜ್ಜಿನಲ್ಲಿಡಬೇಕು. ಕಚೇರಿಗೆ ಒಯ್ಯುವ ಡಬ್ಬಿಗೆ ಹಿಂದಿನ ದಿನದ ಪಲ್ಯವನ್ನು ಉಗುರುಬೆಚ್ಚಗೆ ಮಾಡಿ ತುಂಬುವುದಕ್ಕಿಂತ ಆಗತಾನೆ ಮಾಡಿದ್ದನ್ನು ತುಂಬುವುದು ಲೇಸು.

ಭೇದಿ, ಜ್ವರ, ಕಾಮಾಲೆ ಅಥವಾ ಕೈಯಲ್ಲಿ ಕೀವಾದ ಗಾಯವಿರುವವರು ಇತರರಿಗಾಗಿ ಅಡುಗೆ ಮಾಡಬಾರದು, ಬಡಿಸಲೂ ಬಾರದು. ನ್ಯೂಯಾರ್ಕಿನಲ್ಲಿ ಮೇರಿ ಮ್ಯಾಲನ್ ಎಂಬ ಅಡುಗೆಯಾಕೆ ತಾನು ಆರೋಗ್ಯವಾಗಿದ್ದೂ ಕೆಲಸ ಮಾಡಿದ ಮನೆಗಳಲ್ಲಿ ವಿಷಮಶೀತ ಜ್ವರವನ್ನು ಹರಡುತ್ತಿದ್ದುದು 1907ರಲ್ಲಿ ಪತ್ತೆಯಾಯಿತು. ಕಾಯಿಲೆ ಬಿದ್ದ ಕೆಲಸಗಾರನು ಸಂಬಳ ಕಡಿತದ ಭಯದಿಂದ ಅದನ್ನು ಮುಚ್ಚಿಟ್ಟರೆ ನಷ್ಟವಾಗುವುದು ನೂರಾರು ಗಿರಾಕಿಗಳಿಗೆ. ಸಂಬಳಸಹಿತ ರಜೆ ಕೊಟ್ಟು ಕಾಲಕಾಲಕ್ಕೆ ವೈದ್ಯಕೀಯ ತಪಾಸಣೆ ಮಾಡಿಸುವುದು ಮಾಲೀಕರಿಗೂ ಹಿತಕರ.

ಒಂದೇ ಊಟ ಮಾಡಿದ ಹಲವರು ಒಟ್ಟಿಗೆ ಕಾಯಿಲೆ ಬಿದ್ದರೆ, ಉಳಿದ ಆಹಾರವನ್ನು ಎಸೆಯದೆ ಮುಚ್ಚಿ ಶೀತಲದಲ್ಲಿಡಬೇಕು; ಯಾರೂ ತಿನ್ನದಂತೆ ನೋಡಿಕೊಳ್ಳಬೇಕು. ಯಾರು ಏನನ್ನು ತಿಂದರು, ಯಾರು ತಿನ್ನಲಿಲ್ಲ, ಯಾರಿಗೆ ಎಷ್ಟು ಹೊತ್ತಿಗೆ ಲಕ್ಷಣ ಆರಂಭವಾಯಿತು ಎಂಬುದನ್ನು ಬರೆದಿಡಬೇಕು. ಮದುವೆಯ ಊಟದಲ್ಲಿ ಬಾಸುಂದಿ ತಿಂದವರೆಲ್ಲ ಕಾಯಿಲೆ ಬಿದ್ದು, ಅದನ್ನು ಬಿಟ್ಟು ಉಳಿದೆಲ್ಲ ತಿಂದವರು ಚೆನ್ನಾಗಿದ್ದರೆ ಕಾರಣ ತಾನೇ ಗೋಚರಿಸುತ್ತದೆ. ಕೂಡಲೇ ಮಹಾನಗರಪಾಲಿಕೆಯ ವಿಭಾಗ ಕಚೇರಿಯ ಆರೋಗ್ಯಾಧಿಕಾರಿಗೆ ಅಥವಾ ರಾಜ್ಯದ ಆಹಾರ ಮತ್ತು ಔಷಧ ಆಡಳಿತಕ್ಕೆ ತಿಳಿಸಬೇಕು. ಹಿಂದೆ 1954ರ ಆಹಾರ ಕಲಬೆರಕೆ ತಡೆ ಕಾಯಿದೆ ಜಾರಿಯಲ್ಲಿತ್ತು. ಅದರ ಸ್ಥಾನದಲ್ಲಿ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ 2011ರಲ್ಲಿ ಜಾರಿಗೆ ಬಂದಿತು. ಇದರಂತೆ ಸಣ್ಣ ತಿಂಡಿ ಗಾಡಿಯವರೂ ನೋಂದಣಿ ಮಾಡಿಸಿಕೊಳ್ಳಬೇಕು. ನೋಂದಣಿ ಪತ್ರವನ್ನು ತೋರಿಸುವಂತೆ ಕೇಳಲು ಗಿರಾಕಿಗಳು ಸಂಕೋಚಪಡಬೇಕಾಗಿಲ್ಲ.

ಹೊರಗಿನ ತಿಂಡಿಯೆಲ್ಲ ವಿಷ, ಮನೆಯದೆಲ್ಲ ಅಮೃತ ಎಂದು ಭಾವಿಸುವುದು ಸರಿಯಲ್ಲ. ಶುಚಿಯಾದ ಕೈಯಿಂದ ಮಾಡಿ ಬಿಸಿಯಾಗಿ ಬಡಿಸಿದ ಆಹಾರ ಎಲ್ಲಿಯದಾದರೂ ಹಿತಕರ. ಅಲಕ್ಷ್ಯದಿಂದ ಇಟ್ಟ ಆಹಾರ ಎಲ್ಲಿಯದಾದರೂ ಅಪಾಯಕರ. ಬಿಸಿಯಾಗಿರುವಾಗಲೇ ಉಣ್ಣುವುದು, ಶುದ್ಧ ನೀರು ಕುಡಿಯುವುದು, ಮನೆಯಲ್ಲಿ ಸದಾ ಎರಡು ಪೊಟ್ಟಣ ಜೀವಜಲದ ಪುಡಿ ಇಟ್ಟುಕೊಳ್ಳುವುದು ಎಲ್ಲರಿಗೂ ಸಾಧ್ಯವಾದ ಕೆಲಸ. ಇಷ್ಟನ್ನು ಪಾಲಿಸಿದರೆ ಅನೇಕ ಕುಟುಂಬಗಳು ತಪ್ಪಿಸಬಹುದಾದ ಕಾಯಿಲೆ ಮತ್ತು ದುಃಖದಿಂದ ಪಾರಾಗುತ್ತವೆ.